ಉಣ್ಣುವವರಿಗೆ ಬೆನ್ನು ಮಾಡುವ ಹೀರಾಬಿ

ಹೀರಾಬಿಯವರ ಮುಖಕ್ಕಿಂತ ಮೊದಲು ನನ್ನ ನೆನಪಿನಲ್ಲಿ ಕೂತದ್ದು ಅವರ ಬೆನ್ನು. ಹನ್ನೆರಡು ವರ್ಷದ ಹಿಂದೆ, ಜೂನ್ ತಿಂಗಳ ಕೊನೆಯ ವಾರ, ಪಿಯುಸಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು, ನಾನೂ ನಮ್ಮಪ್ಪ ಬೂದೆಪ್ಪನೂ ಮಲ್ಲಟದಿಂದ ಮೊದಲ ಬಸ್ಸಿಗೆ ಹೊರಟು ರಾಯಚೂರಿಗೆ ಬಂದಿದ್ದೆವು. ಕಾಲೇಜಿನ ಸಾಲಿನಲ್ಲಿ ನಿಂತು, ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆದು, ಹೆಸರು ಬರೆಸಿ ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಬೆಳಿಗ್ಗೆ ಕುಡಿದ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಯಾರನ್ನೋ ಕೇಳಿಕೊಂಡು ಅಪ್ಪ ನನ್ನನ್ನು ತೀನ್ ಕಂದಿಲ್ ವೃತ್ತದ ಹಿಂದಿನ ಒಂದು ಇಕ್ಕಟ್ಟಾದ ಓಣಿಗೆ ಕರೆದೊಯ್ದ. ಹಸಿರು ಬಣ್ಣ ಹಚ್ಚಿದ ಬಾಗಿಲು, ಹೊರಗೆ ನಾಲ್ಕು ಮೇಜು, ಹಲಗೆಯ ಮೇಲೆ ಸುಣ್ಣದಲ್ಲಿ ಬರೆದ ‘ರೊಟ್ಟಿ ಊಟ’ ಎಂಬ ಎರಡೇ ಪದ. ಗಂಡಸರು ಹೊರಗೆ ಉಣ್ಣುತ್ತಿದ್ದರು. ಹೆಣ್ಣುಮಕ್ಕಳಿಗೆ ಒಳಗೆ ಅಡುಗೆಮನೆಯ ಮಗ್ಗುಲಲ್ಲಿ ಚಾಪೆ ಹಾಸಿತ್ತು.

ನನ್ನನ್ನು ಆ ಚಾಪೆಯ ಮೇಲೆ ಕೂರಿಸಿ, ಒಬ್ಬ ತೆಳ್ಳನೆಯ ಹೆಂಗಸು ತಟ್ಟೆ ತಂದಿಟ್ಟರು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ನಾನು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತೆ. ಪರರ ಮನೆಯಲ್ಲಿ ಒಬ್ಬಳೇ ಉಂಡು ಗೊತ್ತಿಲ್ಲದ ಹುಡುಗಿ ನಾನು. ಸುಗ್ಗಿಯಲ್ಲಿ ಹೊಲದ ಒಡೆಯರ ಮನೆಗೆ ಊಟಕ್ಕೆ ಹೋದಾಗ ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದೆವು. ಕಟ್ಟೆಯ ಮೇಲೆ ನಿಂತ ಮನೆಯವರು ಎಷ್ಟನೆಯ ರೊಟ್ಟಿ ಯಾರ ತಟ್ಟೆಗೆ ಬಿತ್ತೆಂದು ನೋಡುತ್ತಿದ್ದರು. ಆ ನೋಟ ಈ ಊರಿಗೂ ನನ್ನ ಹಿಂದೆಯೇ ಬಸ್ಸು ಹತ್ತಿ ಬಂದಂತಿತ್ತು. ಆ ಹೆಂಗಸು ಉಣ್ಣು ಎನ್ನಲಿಲ್ಲ, ಯಾಕೆ ಉಣ್ಣಲಿಲ್ಲ ಎಂದು ಕೇಳಲಿಲ್ಲ. ನನಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಮಣೆಯ ಮೇಲೆ ಕೂತು, ಪುಂಡಿ ಸೊಪ್ಪು ಬಿಡಿಸತೊಡಗಿದರು.

“ಅವಸರಿಲ್ಲ ತೊಗೊ,” ಎಂದರು ಗೋಡೆಗೆ. “ನಾ ಗ್ವಾಡಿ ನೋಡಾಕತ್ತೀನಿ.”

ಉಂಡೆ. ಎರಡನೆಯ ರೊಟ್ಟಿ ಮುಗಿಯುತ್ತಿದ್ದಂತೆ, ಮುಖ ಇತ್ತ ತಿರುಗದೆಯೇ, ಒಂದು ಕೈ ಮಾತ್ರ ಹಿಂದಕ್ಕೆ ಚಾಚಿ ಮೂರನೆಯ ರೊಟ್ಟಿಯನ್ನು ತಟ್ಟೆಗೆ ಇಳಿಸಿತು. ಹೊರಗೆ ಕೈ ತೊಳೆಯುತ್ತಿದ್ದ ಅಪ್ಪ ಬಾಗಿಲಲ್ಲಿ ಬಗ್ಗಿ, “ಯವ್ವಾ, ನನ್ನ ಮಗಳು ಉಂಡಳೇನ್ರಿ? ಭಾಳ ನಾಚ್ತಾಳ,” ಎಂದ.

“ನಾ ನೋಡಿಲ್ಲಪ್ಪ. ಮೂರು ರೊಟ್ಟಿ ಮುರದ ಸಪ್ಪಳ ಕೇಳ್ಯಾದ,” ಎಂದರು ಹೀರಾಬಿ.

ಮುಂದಿನ ಮೂರು ವರ್ಷ, ಪದವಿ ಮುಗಿಯುವ ತನಕ, ನಾನು ಮಧ್ಯಾಹ್ನದ ಊಟ ಮಾಡಿದ್ದು ಆ ಬೆನ್ನಿನ ಹಿಂದೆಯೇ. ಆ ಕಾರಣಕ್ಕೋ ಏನೋ, ಅವರನ್ನು ನೆನೆದರೆ ಮೊದಲು ಕಾಣುವುದು ಮಾಸಿದ ಸೆರಗಿನಡಿ ಸ್ವಲ್ಪ ಎಡಕ್ಕೆ ವಾಲಿದ ಹೆಗಲು. ನಡೆಯುವಾಗಲೂ ಅವರು ಎಡ ಹೆಗಲನ್ನು ಮುಂದೆ ಮಾಡಿಕೊಂಡು, ಕಾಣದ ಬಾಗಿಲೊಂದರ ಸಂದಿಯಲ್ಲಿ ತೂರಿಕೊಳ್ಳುವವರಂತೆ ಅಡ್ಡಡ್ಡ ನಡೆಯುತ್ತಾರೆ. ಒಲೆಗೂ ಗೋಡೆಗೂ ನಡುವೆ ಒಂದೂವರೆ ಮೊಳ ಜಾಗದಲ್ಲಿ ಮೂವತ್ತು ವರ್ಷ ಓಡಾಡಿದ ದೇಹ ಅದು. ಬಯಲಿಗೆ ಬಂದರೂ, ನಡುರಸ್ತೆಯಲ್ಲಿ ಯಾರೂ ಇಲ್ಲದಾಗಲೂ, ಇಕ್ಕಟ್ಟನ್ನು ಬಿಟ್ಟುಕೊಡುವುದಿಲ್ಲ.

ಚಳಿಗಾಲದಲ್ಲಿ ಆ ಹೆಗಲುಗಳ ಮೇಲೆ ಒಂದು ಕಪ್ಪು ಕೋಟು ಬರುತ್ತಿತ್ತು. ಗಂಡಸರ ಕೋಟು. ತೀರಿಹೋದ ಅವರ ಯಜಮಾನರು ದರ್ಜಿ. ಯಾರೋ ಮದುವೆ ಗಂಡು ಅಳತೆ ಕೊಟ್ಟು ಹೋದವನು ಮರಳಿ ಬರಲೇ ಇಲ್ಲವಂತೆ. ಬಲತೋಳಿಗೆ ಒಳಗಿನ ಅಸ್ತರು ಹಾಕುವುದು ಬಾಕಿಯಿದ್ದಾಗಲೇ ಯಜಮಾನರು ಹೋದರು. ಆ ಅರ್ಧ ಕೋಟನ್ನು ಹೀರಾಬಿ ಮಾರಲೂ ಇಲ್ಲ, ಪೂರ್ತಿ ಹೊಲಿಸಲೂ ಇಲ್ಲ. ಅದರ ಜೇಬಿನಲ್ಲಿ ಬೀಗದ ಕೈ, ಲವಂಗ, ಕಡ್ಡಿಪೆಟ್ಟಿಗೆ. ಡಿಸೆಂಬರಿನ ಮುಂಜಾನೆ ಅವರು ರೊಟ್ಟಿ ಬಡಿಯುವಾಗ ಒಂದು ತೋಳು ಬೆಚ್ಚಗೆ, ಇನ್ನೊಂದು ತೋಳು ತಣ್ಣಗೆ ಇರುತ್ತದೆಂದು ತಾವೇ ಹೇಳಿ ನಗುತ್ತಿದ್ದರು.

ಬೆನ್ನು ಮಾಡುವ ಅಭ್ಯಾಸದಲ್ಲಿ ಅವರದು ಹಟ. ಒಮ್ಮೆ ಹೊರಗಿನ ಮೇಜಿಗೆ ಬಂದ ಒಬ್ಬ ಗುತ್ತಿಗೆದಾರ, ಬಡಿಸಿದ ಕೂಡಲೇ ಇವರು ತಿರುಗಿ ನಿಂತದ್ದನ್ನು ಕಂಡು, “ಏನವ್ವಾ, ಗಿರಾಕಿಗೆ ಬೆನ್ನು ತೋರಸ್ತೀ? ಇದೆಂಥಾ ಮರ್ಯಾದಿ?” ಎಂದು ದನಿ ಎತ್ತಿದ.

“ಮಾರಿ ನೋಡ್ಬೇಕಂದ್ರ ಫೋಟೋ ಸ್ಟುಡಿಯೋಕ್ಕ ಹೋಗ್ರಿ, ಸಾಹೇಬ್ರ. ಇಲ್ಲಿ ರೊಟ್ಟಿ ಅಷ್ಟೇ ಸಿಗ್ತಾವ,” ಎಂದರು ಹೀರಾಬಿ, ಮತ್ತೂ ಗೋಡೆಯನ್ನೇ ನೋಡುತ್ತ. ಆತ ನಕ್ಕುಬಿಟ್ಟ. ಉಂಡ ಮೇಲೆ ಇನ್ನೆರಡು ರೊಟ್ಟಿ ಕಟ್ಟಿಸಿಕೊಂಡು ಹೋದ.

ಈ ಹಟದ ಬೇರು ನನಗೆ ತಿಳಿದದ್ದು ಕೊನೆಯ ವರ್ಷ. ಗಬ್ಬೂರಿನಲ್ಲಿ ಹುಟ್ಟಿದ ಹೀರಾಬಿಯನ್ನು ಹದಿನಾರನೆಯ ವಯಸ್ಸಿಗೆ ದೇವದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಆ ಮನೆಯಲ್ಲಿ ಅತ್ತೆ ಸೊಸೆಯ ಎದುರಿಗೇ ಕೂತು, ಒಂದೊಂದು ತುತ್ತೂ ಬಾಯಿಗೆ ಹೋಗುವುದನ್ನು ನೋಡುತ್ತಿದ್ದರಂತೆ. ಬೈಯುತ್ತಿರಲಿಲ್ಲ, ಬೇಡ ಎನ್ನುತ್ತಿರಲಿಲ್ಲ, ಬರೀ ನೋಡುತ್ತಿದ್ದರು. ಹುಡುಗಿ ಮೂರು ತಿಂಗಳಲ್ಲಿ ಕಡ್ಡಿಯಾದಳು. ತಂಗಿಯನ್ನು ನೋಡಲು ಬಂದ ಅಣ್ಣ ಮಹಮ್ಮದ್ ಹುಸೇನ್ ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡರು. ಜಗಳ ತೆಗೆಯಲಿಲ್ಲ. ಸಂತೆಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ದೇವದುರ್ಗದ ಬಸ್ ನಿಲ್ದಾಣದ ಹಿಂದೆ ಬೇವಿನ ಮರದಡಿ ತಂಗಿಯನ್ನು ಕೂರಿಸಿ, ಗಬ್ಬೂರಿನಿಂದ ತಂದ ಬುತ್ತಿ ಬಿಚ್ಚಿಟ್ಟು, ತಾವು ಅವಳಿಗೆ ಬೆನ್ನು ಮಾಡಿ, ಹೋಗಿಬರುವ ಜನಕ್ಕೆ ಅಡ್ಡಲಾಗಿ, ಗೋಡೆಯಂತೆ ಕೂತರು. ಅಣ್ಣನ ಅಗಲವಾದ ಬೆನ್ನಿನ ಮರೆಯಲ್ಲಿ ತಂಗಿ ಹೊಟ್ಟೆ ತುಂಬ ಉಂಡಳು. ಸಪ್ಪಳ ನಿಂತ ಮೇಲೆ ಅವರು ಕೇಳಿದ್ದು ಒಂದೇ ಮಾತು, ಮನೆಮಾತಿನಲ್ಲಿ: “ಖಾಯಿ?” ಉಂಡೆಯಾ?

“ಮುಂದ ಪ್ರತಿ ಸಂತಿಗೂ ಬಂದ. ಒಂದೂ ತಪ್ಪಸಲಿಲ್ಲ,” ಎಂದು ಹೀರಾಬಿ ಹೇಳಿ, ಆ ವಿಷಯವನ್ನು ಅಲ್ಲಿಗೆ ಮಡಿಚಿಟ್ಟರು. ಅತ್ತೆಯ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ.

ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಮುಂದೆ ಓದಿ, ರಾಯಚೂರಿನಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಒಳಗೆ ಕಾಲಿಟ್ಟವಳು ನಾನೇ ಮೊದಲು; ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಹೋದ ವರ್ಷ ಏಪ್ರಿಲ್‌ನಲ್ಲಿ ಹೀರಾಬಿಯವರ ಸೊಸೆ ಸೂಫಿಯಾ ಫೋನು ಮಾಡಿ, “ಟೀಚರ್, ಲಗೂನ ಬರ್ರಿ. ಮನಿಗೆ ಒಬ್ರು ಮೆಹಮಾನ್ ಬಂದಾರ, ಏನೂ ತಿನವಲ್ರು. ಅತ್ತಿನೂ ಉಣವಲ್ರು,” ಎಂದಾಗಲೂ, ಯಾವ ಅತಿಥಿ ಎಂದು ಕೇಳಿದ ಕೂಡಲೇ, ನನಗೆ ಗೊತ್ತಿದೆ ಎಂದೇ ಹೊರಟೆ.

ಅತಿಥಿ ಒಂದು ಊಸರವಳ್ಳಿ. ಮಹಮ್ಮದ್ ಹುಸೇನರದು. ಅವರು ಮೂವತ್ತು ವರ್ಷ ಹೈದರಾಬಾದಿನಲ್ಲಿ ಪಕ್ಷಿ, ಮೀನು ಮಾರುವ ಅಂಗಡಿಯಲ್ಲಿ ದುಡಿದಿದ್ದರು. ಮರಿಯಿದ್ದಾಗಿನಿಂದ ತಾವೇ ನೋಡಿಕೊಂಡ ಈ ಪ್ರಾಣಿಯನ್ನು ಕೆಲಸ ಬಿಡುವಾಗ ಮಾಲೀಕರು ಕಾಗದಪತ್ರದ ಸಮೇತ ಅವರಿಗೇ ಕೊಟ್ಟಿದ್ದರು. ನಮ್ಮ ಹೊಲಗಳಲ್ಲಿ ಕಾಣುವ ಊಸರವಳ್ಳಿಯನ್ನು ಮನೆಯಲ್ಲಿಡುವುದು ಕಾನೂನಿನ ಪ್ರಕಾರ ಅಪರಾಧ. ಇದು ಅರಬ್ಬರ ನಾಡಿನ ತಳಿ, ಪಂಜರದಲ್ಲೇ ಹುಟ್ಟಿ ಬೆಳೆದದ್ದು, ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಎತ್ತರದ ಎಲುಬು. ಮಾರ್ಚ್ ಕೊನೆಗೆ ಮಹಮ್ಮದ್ ಹುಸೇನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ ಮೂರೂ ಜಡವಾದವು. ಮಗ ಮುಷರ್ರಫ್ ತಂದೆಯನ್ನು ಅಲ್ಲಿಯೇ ಆಸ್ಪತ್ರೆಯಲ್ಲಿಟ್ಟುಕೊಂಡು, ಪ್ರಾಣಿಯನ್ನು ಪಂಜರ, ದೀಪಗಳ ಸಮೇತ ಸೋದರತ್ತೆ ಹೀರಾಬಿಯ ಮನೆಗೆ ಬಸ್ಸಿನಲ್ಲಿ ಕಳಿಸಿದ್ದ. ಮಾತು ನಿಂತ ಆ ಮನುಷ್ಯನ ಬಾಯಲ್ಲಿ ಉಳಿದಿದ್ದು ಒಂದೇ ಪದ. ದಿನಾ ಸಂಜೆ ಐದಕ್ಕೆ ಮುಷರ್ರಫ್ ತಂದೆಯ ಬಾಯಿಗೆ ಫೋನು ಹಿಡಿಯುತ್ತಿದ್ದ, ಅತ್ತಲಿಂದ ಎಳೆದೆಳೆದು ಬರುತ್ತಿತ್ತು: “ಖಾ… ಯಾ?” ತಿಂತಾ?

ಹೀರಾಬಿ ಕಣ್ಣು ಮುಚ್ಚಿ, “ನೈ ಭಾಯ್, ಅಭೀ ನೈ,” ಎನ್ನುತ್ತಿದ್ದರು. ಇಲ್ಲ ಅಣ್ಣಾ, ಇನ್ನೂ ಇಲ್ಲ. ಅತ್ತ ಕಡೆ ಉಸಿರು ಮಾತ್ರ ಕೇಳುತ್ತಿತ್ತು, ಆಮೇಲೆ ಫೋನು ಕಟ್ಟಾಗುತ್ತಿತ್ತು.

“ತಿಂತು ಅಂದ್ಬಿಡ್ರಿ ಅತ್ತೀ. ಅಷ್ಟು ದೂರದಾಗ ಅವರೇನ್ ಬಂದು ನೋಡ್ತಾರೇನು?” ಎಂದಳು ಸೂಫಿಯಾ ನನ್ನೆದುರಿಗೇ.

“ಅನ್ನದ ಮ್ಯಾಲ ಸುಳ್ಳು ಹೇಳಂಗಿಲ್ಲ ನಾ,” ಎಂದರು ಹೀರಾಬಿ. “ಅವ ನನಗ ಎಂದೂ ಹೇಳಿಲ್ಲ.”

ನಾನು ಹೋದಾಗ ಪಂಜರ ಖಾನಾವಳಿಗೆ ಹೊಂದಿಕೊಂಡ ಪಡಸಾಲೆಯ ನಟ್ಟನಡುವೆ ಒಂದು ಸ್ಟೂಲಿನ ಮೇಲಿತ್ತು. ಆ ಮನೆಯಲ್ಲಿ ಬಂದವರನ್ನು ಕೂರಿಸುವ ಒಳ್ಳೆಯ ಜಾಗ ಅದೇ: ಮೇಲೆ ಫ್ಯಾನು, ಎದುರಿಗೆ ಸೂಫಿಯಾಳ ತವರಿನಿಂದ ಬಂದ ಆಳೆತ್ತರದ ಕನ್ನಡಿಯ ಅಲಮಾರಿ. ಪ್ರಾಣಿ ಪಂಜರದ ತಳದಲ್ಲಿ ಕುಗ್ಗಿ ಕೂತಿತ್ತು. ಹಸಿರಿರಬೇಕಾದ ಮೈ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗೋಪುರದಂಥ ಕಣ್ಣುಗಳು ಗುಳಿಬಿದ್ದಿದ್ದವು. ಸುತ್ತ ಗಬ್ಬೂರಿನಿಂದ ಬಂದ ನೆಂಟರು, ಕವಿತಾಳದ ಸೋದರತ್ತೆಯ ಮಕ್ಕಳು, ಓಣಿಯ ಹೆಂಗಸರು. ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ: ಒಬ್ಬರು ದ್ರಾಕ್ಷಿ, ಒಬ್ಬರು ಮೆಂತ್ಯ ಸೊಪ್ಪು, ಒಬ್ಬರು ಶೀರಾ. ಒಂದು ಕೈ ಹಿಂದೆಗೆದರೆ ಇನ್ನೊಂದು ಕೈ ಒಳಗೆ ಹೋಗುತ್ತಿತ್ತು. “ತಗೋರಿ ಜನಾಬ್, ಒಂದ್ ತುತ್ತು,” ಎಂದು ಹೀರಾಬಿ ಒತ್ತಾಯ ಮಾಡುತ್ತಿದ್ದರು. ಅಣ್ಣ ಇಟ್ಟ ಹೆಸರು ಜನಾಬ್, ಅಂದರೆ ಸಾಹೇಬರು. ಹಾಗಾಗಿ ಇಡೀ ಮನೆ ಅದಕ್ಕೆ ಬಹುವಚನ ಹಚ್ಚಿಯೇ ಮಾತಾಡುತ್ತಿತ್ತು.

ನಾನು ಶಾಸ್ತ್ರಬದ್ಧವಾಗಿ ಕೆಲಸಕ್ಕೆ ಇಳಿದೆ. ಇದು ಜೀವಂತ ಹುಳ ತಿನ್ನುವ ಪ್ರಾಣಿ, ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ ಎಂದು ತಿಳಿಸಿ ಹೇಳಿದೆ. ಔಷಧಿ ಅಂಗಡಿಯಿಂದ ಸಲೈನ್ ಕೊಳವೆ ತಂದು, ನೀರಿನ ಬಾಟಲಿಗೆ ಕಟ್ಟಿ, ಒಂದೊಂದೇ ಹನಿ ಬೀಳುವಂತೆ ಮಾಡಿದೆ. ಕುಂಡದ ದಾಸವಾಳವನ್ನು ಪಂಜರದೊಳಗಿಟ್ಟೆ. ಬಿಸಿಲಿನ ಝಳಕ್ಕೆ ಕಿಟಕಿಗೆ ಹಸಿ ಗೋಣಿತಟ್ಟು ತೂಗುಬಿಟ್ಟೆ. ಪಶು ಆಸ್ಪತ್ರೆಯ ಡಾಕ್ಟರು ಬಾಯಿ, ಕಾಲು, ಚರ್ಮ ಎಲ್ಲ ನೋಡಿ, “ನನಗ ಎಮ್ಮಿ, ಆಡು ಗೊತ್ತಮ್ಮ; ಇವರ ಜಾತಕ ಗೊತ್ತಿಲ್ಲ. ಗಾಯಿಲ್ಲ, ಬಾವಿಲ್ಲ. ಗದ್ದಲ ಮಾಡದ ಇಡ್ರಿ,” ಎಂದು ಪ್ರಾಮಾಣಿಕವಾಗಿ ಹೇಳಿ ಕಳಿಸಿದರು. ಆ ಕೊನೆಯ ಮಾತನ್ನು ನಾನು ಬರೆದುಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಳದ ಚಿಂತೆಯೇ ದೊಡ್ಡದಾಯಿತು. ಸುತ್ತಲಿನ ಹತ್ತಿ, ಭತ್ತಕ್ಕೆಲ್ಲ ಕೀಟನಾಶಕದ ಎಣ್ಣೆ ಹೊಡೆದಿರುತ್ತಾರೆ. ಅಲ್ಲಿಯ ಮಿಡತೆ ತಿನ್ನಿಸಿದರೆ ವಿಷ. ಮಲ್ಲಟದಲ್ಲಿ ನಮ್ಮ ಕೊಟ್ಟಿಗೆಯ ಹಿಂದೆ ದನಕ್ಕೆಂದು ಬೆಳೆದ ಕುದುರೆಮೆಂತ್ಯದ ಮಡಿಗೆ ಮಾತ್ರ ಯಾರೂ ಔಷಧ ಹೊಡೆಯುವುದಿಲ್ಲ. ಅವ್ವ ಅಮರಮ್ಮನಿಗೆ ಫೋನು ಮಾಡಿದೆ.

“ಡಿಗ್ರಿ ಓದ್ಸಿದ್ದು ಮಿಡಚಿ ಹಿಡಿಸಾಕೇನಬೇ?” ಎಂದಳು ಅವ್ವ. ಯಾರ ಮನೆಗೆಂದು ತಿಳಿದ ಮೇಲೆ, “ಹೀರಾಬಿಗಾ? ಮದ್ಲ ಹೇಳಬಾರದಾ. ನಿನಗ ಉಣ್ಣಾಕಿಟ್ಟ ಕೈ ಅದು,” ಎಂದು, ಮರುದಿನದಿಂದಲೇ ತೂತು ಮಾಡಿದ ಡಬ್ಬಿಯಲ್ಲಿ ಮಿಡತೆ ತುಂಬಿ ಕಂಡಕ್ಟರನ ಕೈಯಲ್ಲಿ ಕಳಿಸತೊಡಗಿದಳು.

ಮಿಡತೆ ಬಂದವು. ಆಳದ ಸ್ಟೀಲ್ ಬಟ್ಟಲಲ್ಲಿ ಬಿಟ್ಟು ಪಂಜರದ ಟೊಂಗೆಗೆ ಕಟ್ಟಿದೆವು. ನಾನು ಬೆಳಿಗ್ಗೆ ಕಾಲೇಜಿಗೆ ಮುಂಚೆ, ಸಂಜೆ ಕಾಲೇಜು ಬಿಟ್ಟ ಮೇಲೆ ಹೋಗಿ, ಪ್ರಾಣಿಯನ್ನು ಕೈಯಲ್ಲಿ ಎತ್ತಿ ಮಸಾಲೆ ತಕ್ಕಡಿಯಲ್ಲಿ ತೂಗಿ, ಕಣ್ಣು ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ತೂಕ ದಿನಕ್ಕೆ ಒಂದೆರಡು ಗ್ರಾಂ ಇಳಿಯುತ್ತಿತ್ತು. ಹೀರಾಬಿ ಖಾನಾವಳಿಯ ಕೆಲಸ ಸೂಫಿಯಾಳಿಗೆ ಬಿಟ್ಟು, ಪಂಜರದ ಎದುರು ಮಣೆ ಹಾಕಿಕೊಂಡು ಅದರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು. ಮೂವತ್ತು ವರ್ಷ ಯಾರ ತುತ್ತನ್ನೂ ನೋಡದ ಕಣ್ಣು ಈಗ ರೆಪ್ಪೆ ಹೊಡೆಯುತ್ತಿರಲಿಲ್ಲ. ಅವರ ‘ಅವಸರಿಲ್ಲ ತೊಗೊ’ ಎನ್ನುವ ಮಾತು ಆ ದಿನಗಳಲ್ಲಿ ಒಮ್ಮೆಯೂ ಕೇಳಿಬರಲಿಲ್ಲ. ಅದು ನನ್ನ ಗಮನಕ್ಕೂ ಬರಲಿಲ್ಲ.

ಹನ್ನೊಂದನೆಯ ದಿನಕ್ಕೆ ಅದು ಹಗಲಲ್ಲೂ ಕಣ್ಣು ಮುಚ್ಚತೊಡಗಿತು. ನಾನು ಸೂಜಿಯಿಲ್ಲದ ಸಿರಿಂಜು ತಂದು, ನಾಳೆ ಬಾಯಿ ಬಿಡಿಸಿ ತಿನ್ನಿಸಿಬಿಡೋಣ, ಇಲ್ಲವಾದರೆ ಉಳಿಯುವುದಿಲ್ಲ ಎಂದೆ.

“ಬಾಯಿ ಬಿಡ್ಸಿ ಹಾಕಿದ್ದು ಊಟ ಅಲ್ಲಮ್ಮಾ ರೇಣುಕಮ್ಮ,” ಎಂದರು ಹೀರಾಬಿ.

“ಸತ್ತ ಮ್ಯಾಲ ಊಟ ಹಾಕ್ತೀರೇನ್ರಿ ಖಾಲಾ?” ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ನಾಳೆ ಮಧ್ಯಾಹ್ನತನ ತಡಿ,” ಎಂದರು. ಮೂಗಿನ ತುದಿ ಕೆಂಪಾಗಿತ್ತು.

ಮರುದಿನ ಭಾನುವಾರ. ಸಿರಿಂಜು ಹಿಡಿದು ಹೋದಾಗ ಊಟದ ಹೊತ್ತು. ಒಳಗಿನ ಚಾಪೆಯ ಮೇಲೆ ದೇವದುರ್ಗದ ಕಡೆಯಿಂದ ನರ್ಸಿಂಗ್ ಕಲಿಯಲು ಬಂದ ಹೊಸ ಹುಡುಗಿಯೊಬ್ಬಳು, ಬಸವಂತಮ್ಮ, ತಟ್ಟೆ ಎದುರಿಗಿಟ್ಟುಕೊಂಡು, ಅಂದು ನಾನು ಕೂತಂತೆಯೇ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೂಫಿಯಾ ಅವಳ ಎದುರು ಸೊಂಟದ ಮೇಲೆ ಕೈಯಿಟ್ಟು, “ಯಾಕ, ಸೇರಲಿಲ್ಲೇನು? ಖಾರ ಆಗ್ಯಾದೇನು? ಉಣ್ಣು ಉಣ್ಣು,” ಎನ್ನುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ. ಹುಡುಗಿಯ ತಲೆ ಮತ್ತಷ್ಟು ತಗ್ಗುತ್ತಿತ್ತು.

ಪಡಸಾಲೆಯಲ್ಲಿ ಪಂಜರದ ಎದುರು ಕೂತಿದ್ದ ಹೀರಾಬಿ ಅಲ್ಲಿಂದಲೇ ಗದರಿದರು: “ಏ ಸೂಫಿಯಾ! ಉಣ್ಣೋರ ಮಾರಿ ನೋಡ್ತಾರೇನ? ಈಚೆ ಸರಿ. ಅಷ್ಟು ಮಾರಿ ಮ್ಯಾಲ ಬಿದ್ರ ಯಾರಿಗೆ ಗಂಟಲಾಗ ಇಳೀತದ?”

ಹೇಳಿದವರು ಕೂತಲ್ಲೇ ಕಲ್ಲಾದರು. ತಮ್ಮ ಬಾಯಿಂದ ಹೊರಬಿದ್ದ ಮಾತು ತಮಗೇ ಯಾರೋ ಹೇಳಿದಂತೆ, ನಿಧಾನಕ್ಕೆ ತಲೆ ತಿರುಗಿಸಿ ಪಂಜರವನ್ನು ನೋಡಿದರು. ನಂತರ ಅಲಮಾರಿಯ ಕನ್ನಡಿಯನ್ನು ನೋಡಿದರು. ಕನ್ನಡಿಯೊಳಗೆ ಒಂದು ಕಪ್ಪು ಊಸರವಳ್ಳಿ, ಅದರ ಹಿಂದೆ ಹೀರಾಬಿ, ಅವರ ಹಿಂದೆ ಸಿರಿಂಜು ಹಿಡಿದ ನಾನು. ಕನ್ನಡಿಯೊಳಗಿನ ನಾವು ಮೂವರೂ ಪಂಜರದ ಜೀವವನ್ನೇ ನೋಡುತ್ತಿದ್ದೆವು.

“ಯಾ ಅಲ್ಲಾ,” ಎಂದರು ಹೀರಾಬಿ ಮೆಲ್ಲಗೆ. “ನಮ್ಮತ್ತಿ ಆಗಿ ಕುಂತೀನಲ್ಲೇ ನಾನು.”

ನನಗೂ ಆಗಲೇ ಹೊಳೆದದ್ದು. ಊಸರವಳ್ಳಿ ಒಂಟಿಯಾಗಿ ಬಾಳುವ ಜೀವಿ. ತನ್ನ ಜಾತಿಯ ಇನ್ನೊಂದನ್ನು ಕಂಡರೆ ಅದಕ್ಕೆ ಹಗೆ. ಹನ್ನೊಂದು ದಿನದಿಂದ ಕನ್ನಡಿಯೊಳಗೊಂದು ವೈರಿ ಕದಲದೆ ಅದರ ಎದುರು ನಿಂತಿತ್ತು. ತನ್ನನ್ನು ದಿಟ್ಟಿಸುವ ಕಣ್ಣೆಲ್ಲ ಅದಕ್ಕೆ ಬೇಟೆಗಾರನ ಕಣ್ಣು. ಮೇಲಿಂದ ಇಳಿಯುವ ಕೈ ಹದ್ದಿನ ಉಗುರು. ಪುಸ್ತಕದಲ್ಲಿ ನಾನೇ ಓದಿ, ನಾನೇ ಪಾಠ ಮಾಡಿದ ವಿಷಯ. ಅತಿಥಿಗೆ ಕೊಟ್ಟ ಒಳ್ಳೆಯ ಜಾಗ, ಒತ್ತಿ ಒತ್ತಿ ಮಾಡಿದ ಉಪಚಾರ, ನನ್ನ ದಿನಕ್ಕೆರಡು ಸಲದ ತೂಕ, ಎಲ್ಲ ಸೇರಿ ಆ ಜೀವದ ಗಂಟಲು ಕಟ್ಟಿದ್ದವು.

ಆಮೇಲೆ ಕೆಲಸ ಚಕಚಕನೆ ನಡೆಯಿತು. ಹೀರಾಬಿ ಗೂಟದಲ್ಲಿದ್ದ ಕಪ್ಪು ಕೋಟನ್ನು ತಂದು ಅಲಮಾರಿಯ ಕನ್ನಡಿಗೆ ಇಳಿಬಿಟ್ಟರು, ಪಂಜರ ಎತ್ತುವ ಮೊದಲು ಇನ್ನೊಂದು ಕ್ಷಣವೂ ಅದು ಆ ವೈರಿಯನ್ನು ನೋಡಬಾರದೆಂಬಂತೆ. ಜೋಳದ ಚೀಲಗಳಿದ್ದ ಹಿಂದಿನ ಕೋಣೆಯಲ್ಲಿ, ಬೇವಿನ ಮರದತ್ತ ತೆರೆದ ಕಿಟಕಿಯ ಹತ್ತಿರ, ತಲೆಗಿಂತ ಎತ್ತರದ ಹಲಗೆಯ ಮೇಲೆ ಪಂಜರ ಏರಿಸಿದೆವು. ಎತ್ತರದಲ್ಲಿದ್ದರೆ ಅದಕ್ಕೆ ಧೈರ್ಯ. ಮೂರು ಕಡೆ ಹಳೆಯ ಚಾದರ ಮುಚ್ಚಿದೆವು. ದಾಸವಾಳದ ಎಲೆಗಳ ಮರೆ, ಕೊಳವೆಯ ಹನಿ, ಒಂದು ದೀಪ. ಸೂಫಿಯಾ ಓಣಿಯ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ, “ಜನಾಬ್‌ರು ಇವತ್ತು ಯಾರನ್ನೂ ಭೆಟ್ಟಿ ಆಗಂಗಿಲ್ರಿ,” ಎಂದು ಹೇಳಿ ಕಳಿಸಿದಳು. ನಾನು ಸಿರಿಂಜನ್ನು ಚೀಲದಲ್ಲಿ ಹಾಕಿ, ನೋಟ್‌ಬುಕ್ಕು ಮುಚ್ಚಿದೆ.

ಎರಡು ದಿನ ಯಾರೂ ಒಳಗೆ ಇಣುಕಲಿಲ್ಲ. ಬೆಳಿಗ್ಗೆ ಹೀರಾಬಿ ತಲೆ ತಗ್ಗಿಸಿಕೊಂಡು ಹೋಗಿ, ನೀರು ತುಂಬಿ, ಮಿಡತೆ ಬಿಟ್ಟು ಬರುತ್ತಿದ್ದರು. ಬಟ್ಟಲಿನ ಮಿಡತೆ ಮರುದಿನವೂ ಹಾಗೆಯೇ ಇರುತ್ತಿದ್ದವು. ಸಂಜೆಯ ಫೋನಿಗೆ ಅದೇ ಉತ್ತರ: “ನೈ ಭಾಯ್.” ಆದರೆ ಎರಡನೆಯ ದಿನ, ಪಂಜರದ ತಳದಲ್ಲಿ ಕೂರುತ್ತಿದ್ದ ಪ್ರಾಣಿ ಟೊಂಗೆಗೆ ಏರಿದ್ದನ್ನು ಅವರು ಕಡೆಗಣ್ಣಲ್ಲಿ ಕಂಡು ಬಂದರು. ಬಾಲ ಸುರುಳಿ ಸುತ್ತಿತ್ತಂತೆ.

ಮೂರನೆಯ ದಿನ, ಬುಧವಾರ, ಕಾಲೇಜಿಗೆ ರಜೆಯಿತ್ತು. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಹೀರಾಬಿ ಪುಂಡಿ ಸೊಪ್ಪಿನ ಮೊರವನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ನನಗೂ ಕಣ್ಸನ್ನೆ ಮಾಡಿದರು. ಹಳೆಯ ಮಿಡತೆ ತೆಗೆದು, ಹೊಸವು ಮೂರನ್ನು ಬಟ್ಟಲಿಗೆ ಬಿಟ್ಟು, ಪಂಜರಕ್ಕೆ ಬೆನ್ನು ಮಾಡಿ, ಜೋಳದ ಚೀಲದತ್ತ ಮುಖ ಹಾಕಿ ಇಬ್ಬರೂ ನೆಲದ ಮೇಲೆ ಕೂತೆವು.

“ಅವಸರಿಲ್ಲ ತಗೋರಿ,” ಎಂದರು ಹೀರಾಬಿ, ಜೋಳದ ಚೀಲಕ್ಕೆ.

ಸೊಪ್ಪು ಬಿಡಿಸುವ ಸಪ್ಪಳ, ಎಲೆಗೆ ಹನಿ ಬೀಳುವ ಸಪ್ಪಳ, ಸ್ಟೀಲ್ ಬಟ್ಟಲಿನ ಗೋಡೆಗೆ ಮಿಡತೆಗಳು ಕಾಲು ಕೆರೆಯುವ ಸಪ್ಪಳ. ಹೊರಗೆ ಆಟೋ ಹೋಯಿತು. ಬಹಳ ಹೊತ್ತು ಅಷ್ಟೇ. ನನ್ನ ಕತ್ತು ತಾನಾಗಿ ತಿರುಗತೊಡಗಿದಾಗ ಹೀರಾಬಿ ನೋಡದೆಯೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಕೈಯಲ್ಲಿ ಪುಂಡಿಯ ಹುಳಿ ವಾಸನೆ.

ಆಗ ಬಟ್ಟಲು ‘ಟಣ್’ ಎಂದಿತು, ಉಗುರಿನ ತುದಿಯಿಂದ ಹೊಡೆದಷ್ಟು ಸಣ್ಣಗೆ. ಹಿಂದೆಯೇ, ಒಣ ರೊಟ್ಟಿ ಮುರಿದಂತೆ, ಕಟುಂ ಕಟುಂ ಎಂಬ ಅಗಿತ. ಹೀರಾಬಿಯ ಕೈ ಸೊಪ್ಪಿನಲ್ಲಿ ನಿಂತಿತು.  ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ‘ಟಣ್’. ಕಾಲು ಕೆರೆಯುವ ಸಪ್ಪಳದಲ್ಲಿ ಈಗ ಒಂದೇ ಉಳಿದಿತ್ತು. ಅವರ ಕಣ್ಣಿಂದ ನೀರು ನೇರ ಮೊರಕ್ಕೆ ಬೀಳುತ್ತಿತ್ತು. ಒರೆಸಿಕೊಂಡರೆ ಬಳೆ ಸಪ್ಪಳವಾದೀತೆಂದು ಒರೆಸಿಕೊಳ್ಳಲೂ ಇಲ್ಲ.

ಸಂಜೆ ಐದಕ್ಕೆ ಫೋನು ಬಂತು. ಮುಷರ್ರಫ್ ಏನೋ ಹೇಳುವ ಮೊದಲೇ ಆ ಎಳೆದ ದನಿ: “ಖಾ… ಯಾ?”

“ಖಾಯಾ ಭಾಯ್. ದೋ ಖಾಯಾ,” ಎಂದರು ಹೀರಾಬಿ. ಎರಡು ತಿಂತು. ಆಮೇಲೆ, ಲೆಕ್ಕ ತಪ್ಪಬಾರದೆಂಬಂತೆ, “ಮೈ ದೇಖಿ ನೈ. ಸುನಿ,” ಎಂದು ಸೇರಿಸಿದರು. ನಾನು ನೋಡಿಲ್ಲ, ಕೇಳಿಸಿಕೊಂಡೆ.

 ನಂತರ ಮುಷರ್ರಫನ ದನಿ ಬಂತು: “ಫೂಫಿ, ಅಬ್ಬಾ ನಗಾಕತ್ತಾರ. ಬಾಯಿ ವಾರೆ ಆಗ್ಯಾದ, ಆದ್ರೂ ನಗಾಕತ್ತಾರ.”

ಆ ವಾರ ಕಳೆಯುವಷ್ಟರಲ್ಲಿ ಜನಾಬ್‌ರ ಮೈ ಎಳೆಯ ಬೇವಿನೆಲೆಯ ಹಸಿರಿಗೆ ತಿರುಗಿತು. ನಾನು ತೂಗಲಿಲ್ಲ. ಅವ್ವನಿಗೆ ಫೋನು ಮಾಡಿ, ಡಬ್ಬಿಯಲ್ಲಿ ಇನ್ನಷ್ಟು ಮಿಡತೆ ತುಂಬು ಎಂದೆ. “ಮೂರು ಹೊತ್ತು ಉಣ್ತಾನೇನು ನಮ್ಮ ಅಳಿಯ?” ಎಂದು ಅವ್ವ ಕೇಳಿದಳು.

ಅನ್ನ ಇಕ್ಕುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಹಲವರು ಇಕ್ಕಿದ ಮೇಲೆ ಉಣ್ಣುವವರ ಮುಖದಲ್ಲಿ ತಮ್ಮ ಪಾಲನ್ನು ಹುಡುಕುತ್ತಾರೆ: ರುಚಿಯಾಯಿತೆಂಬ ತೃಪ್ತಿ, ಉಪಕಾರವಾಯಿತೆಂಬ ಕಳೆ, ಕೊನೆಗೆ ಹೊಟ್ಟೆ ತುಂಬಿತೆಂಬ ನೆಮ್ಮದಿಯಾದರೂ. ಪ್ರೀತಿಯೂ ಹಾಗೆ ಹುಡುಕುತ್ತದೆ. ಹೀರಾಬಿಯಂಥವರೂ ಒಂದು ಏಪ್ರಿಲ್‌ನ ಹನ್ನೊಂದು ದಿನ ಹುಡುಕಿದರು. ಆದರೆ ಕೆಲವರಿಗೆ ತಟ್ಟೆ ನೆಲ ಮುಟ್ಟಿದೊಡನೆ ತಮ್ಮ ಕೈ ಮುಗಿಯಿತೆಂದು ಗೊತ್ತಿರುತ್ತದೆ. ಒಮ್ಮೆ ತಾವು ಆ ನೋಟದಡಿ ಕೂತು ಗಂಟಲು ಕಟ್ಟಿಕೊಂಡವರು ಅವರು. ಯಾರೋ ಒಬ್ಬರ ಬೆನ್ನಿನ ಮರೆಯಲ್ಲಿ ಮತ್ತೆ ನುಂಗಲು ಕಲಿತವರು. ಅಂಥವರು ಒಂದು ಊರಿನಲ್ಲಿ ಇಬ್ಬರೋ ಮೂವರೋ ಇರುತ್ತ ಬಂದಿದ್ದಾರೆ, ಮತ್ತು ನನ್ನಂಥ ಎಷ್ಟೋ ಮಂದಿ ಅವರ ಮುಖವನ್ನು ಸರಿಯಾಗಿ ನೋಡದೆಯೇ ದೊಡ್ಡವರಾಗಿದ್ದೇವೆ.

ಮಹಮ್ಮದ್ ಹುಸೇನರನ್ನು ಆಗಸ್ಟ್‌ನಲ್ಲಿ ರಾಯಚೂರಿಗೆ ಕರೆತಂದರು. ಎಡಗೈಯಲ್ಲಿ ಉಣ್ಣುತ್ತಾರೆ, ಅರ್ಧ ಕೆಳಗೆ ಚೆಲ್ಲುತ್ತದೆ, ಯಾರಾದರೂ ನೋಡಿದರೆ ತುತ್ತನ್ನು ಹಾಗೆಯೇ ತಟ್ಟೆಗೆ ಬಿಡುತ್ತಾರೆ. ಹೀರಾಬಿ ಈಗಲೂ ಖಾನಾವಳಿ ನಡೆಸುತ್ತಾರೆ. ಮಧ್ಯಾಹ್ನ ಮೂರಕ್ಕೆ ಗಿರಾಕಿಗಳು ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, ಅಣ್ಣನ ಮುಂದೆ ತಟ್ಟೆಯಿಟ್ಟು, ಜನಾಬ್‌ರ ಬಟ್ಟಲಿಗೆ ಮಿಡತೆ ಬಿಟ್ಟು, ಇಬ್ಬರಿಗೂ ಬೆನ್ನು ಮಾಡಿ ಕೂತು, ಮರುದಿನದ ಪುಂಡಿ ಸೊಪ್ಪು ಬಿಡಿಸುತ್ತಾರೆ.